ಅಲ್ಲಾಡದ ಮುಖ

ಕೆಳಮನೆಯ ವಿಮೆ ಏಜೆಂಟರಿಗೆ ಒಂದು ನಂಬಿಕೆ. ಹಗಲೆಲ್ಲ ದುಡಿದ ಮನುಷ್ಯನಿಗೆ ಹೇಗೆ ವಿಶ್ರಾಂತಿ ಬೇಕೋ, ಇಂಟರ್ನೆಟ್ ಪೆಟ್ಟಿಗೆಗೂ ಹಾಗೇ ಬೇಕು ಅಂತ. ಊಟಕ್ಕೆ ಕೂರುವ ಮುಂಚೆ ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅದನ್ನು ಮುಟ್ಟಿ ನೋಡುತ್ತಿದ್ದರು. ಬಿಸಿಯಾಗಿದ್ದರೆ ಆರಿಸಿಬಿಡುತ್ತಿದ್ದರು. ಉಂಡು ಕೈ ತೊಳೆದ ಮೇಲೆ ಮತ್ತೆ ಹಾಕುತ್ತಿದ್ದರು. ಅದೇ ಪೆಟ್ಟಿಗೆಯ ನೆಟ್ಟನ್ನು ಸ್ನೇಹದ ಮೇಲೆ ಬಳಸುತ್ತಿದ್ದ ಮೇಲ್ಮನೆಯವನಿಗೆ ಈ ಸಂಗತಿ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಪಾಪ, ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಮೇಲ್ಮನೆಯವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಅಲ್ಲಿ ಅವನ ಹೆಸರೂ ‘ಎಕ್ಸ್‌ರೇ’ ಅಂತಲೇ ಆಗಿತ್ತು. ಬೆಳಗಿನಿಂದ ಸಂಜೆಯವರೆಗೆ “ಅಲ್ಲಾಡಬೇಡಿ, ಉಸಿರು ಬಿಗಿ ಹಿಡೀರಿ, ಹಾಂ, ಬಿಡಿ” ಅನ್ನುವುದು ಅವನ ಹೊಟ್ಟೆಪಾಡು. ಒಳಗೊಳಗೆ ಅವನು ಸಿನಿಮಾ ನಿರ್ದೇಶಕ. ಹೆಂಡತಿಗೆ ದೂರದ ಊರಿಗೆ ವರ್ಗವಾದಾಗ ‘ಬಸ್ಸು ಹೊರಟ ಮೇಲೆ’ ಅಂತ ಒಂದು ಕಿರುಚಿತ್ರ ತೆಗೆದಿದ್ದ. ಅದನ್ನು ಕೊನೆಯವರೆಗೆ ನೋಡಿದವರು ಭೂಮಿಯ ಮೇಲೆ ಅವನೊಬ್ಬನೇ. ಹೆಂಡತಿ ಕೂಡ ಅರ್ಧಕ್ಕೆ ಆಕಳಿಸಿ, “ನಾನು ಬಂದಾಗ ಒಟ್ಟಿಗೆ ನೋಡೋಣ ಕಣ್ರೀ” ಅಂದಿದ್ದಳು. ಬಂದಾಗ ಮನೆ ಗುಡಿಸುವುದರಲ್ಲೇ ರಜೆ ಮುಗಿದುಹೋಗುತ್ತಿತ್ತು.

ಹಾಗಾಗಿ ಅವನು ಬೇರೆಯವರ ಕಿರುಚಿತ್ರಗಳನ್ನು ನೋಡಿ ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುತ್ತಿದ್ದ. ಇಷ್ಟು ಜನರ ಬಗ್ಗೆ ಬರೆದರೆ ಯಾರಾದರೂ ಒಬ್ಬರು ತಿರುಗಿ “ನಿಮ್ಮದೂ ಏನಾದ್ರೂ ಇದೆಯಾ?” ಅಂತ ಕೇಳಿಯಾರು ಅನ್ನುವ ಆಸೆ. ಬರವಣಿಗೆ ಮಾತ್ರ ಖಾರ. ಒಂದು ಚಿತ್ರದ ಬಗ್ಗೆ, “ಕ್ಯಾಮೆರಾ ಯಾಕಿಷ್ಟು ಓಡುತ್ತೆ? ಅದಕ್ಕೇನು ರೈಲು ತಪ್ಪುತ್ತಾ?” ಅಂತ ಬರೆದಿದ್ದ. ಇನ್ನೊಂದರ ಬಗ್ಗೆ, “ಪಿಟೀಲು ಬಾರಿಸಿ ಬಾರಿಸಿ ನಾವು ಅಳಬೇಕಾದ್ದನ್ನೂ ಇವರೇ ಅತ್ತು ಮುಗಿಸಿದ್ದಾರೆ” ಅಂತ.

ಒಂದೇ ಒಂದು ಚಿತ್ರವನ್ನು ಅವನು ಮನಸಾರೆ ಹೊಗಳಿದ್ದ. ಯಾರೋ ಹೊಸ ಹುಡುಗಿ ತೆಗೆದ ‘ಸಂಜೆ’. “ಆಕೆ ಕಿಟಕಿಗೆ ಬಂದು ಬೀದಿ ಕಡೆ ತಿರುಗುತ್ತಾಳೆ. ಅಲ್ಲಿಗೆ ಎಲ್ಲ ನಿಲ್ಲುತ್ತೆ. ಒಬ್ಬರು ನಿಧಾನವಾಗಿ ಊಟ ಮುಗಿಸುವಷ್ಟು ಹೊತ್ತು ಆ ಮುಖ ಹಾಗೇ ಇರುತ್ತೆ. ರೆಪ್ಪೆ ಬಡಿಯುವುದಿಲ್ಲ. ಎಲ್ಲೋ ಹಳೇ ಫ್ಯಾನಿನ ಕಿರ್ ಕಿರ್ ಸದ್ದು, ಅಷ್ಟೆ. ಕಾದು ಗೊತ್ತಿರುವವರು ಮಾತ್ರ ಇದನ್ನು ತೆಗೆಯಬಲ್ಲರು.” ಇದನ್ನು ಬರೆಯುವಾಗ ಅವನ ಕಣ್ಣು ಒದ್ದೆಯಾಗಿತ್ತು. ದಿನಾ ರಾತ್ರಿ ವಿಡಿಯೋ ಕರೆಯಲ್ಲಿ ಹೆಂಡತಿಯ ಮುಖವೂ ಹೀಗೇ ಥಟ್ಟನೆ ನಿಂತುಬಿಡುತ್ತಿತ್ತು. ಅವಳ ಊರಿನ ಸಿಗ್ನಲ್ಲೇ ಅಷ್ಟು ಅಂದುಕೊಂಡು ಅವನು ಕರೆ ಕತ್ತರಿಸದೆ ಆ ಮುಖವನ್ನೇ ನೋಡುತ್ತ ಕೂರುತ್ತಿದ್ದ.

ಈ ದಿನ ಬೆಳಿಗ್ಗೆ ಎಕ್ಸ್‌ರೇ ಕೋಣೆಯಲ್ಲಿರುವಾಗ ಫೋನ್ ಬಂತು.

“ಸರ್, ನಾನು ‘ಸಂಜೆ’ ತೆಗೆದವಳು. ನಿಮ್ಮ ಅಭಿಪ್ರಾಯ ಓದಿದ ಮೇಲೆ ನನಗೆ ನಿದ್ದೇನೇ ಇಲ್ಲ. ಇವತ್ತು ಸಂಜೆ ಲೈಬ್ರರಿ ಹಾಲ್‌ನಲ್ಲಿ ಚಿತ್ರ ತೋರಿಸ್ತಿದೀನಿ. ನೀವು ಬಂದು ಆ ಕಿಟಕಿ ದೃಶ್ಯದ ಬಗ್ಗೆ ಎರಡು ಮಾತಾಡ್ಬೇಕು. ಅಂದ ಹಾಗೆ ಸರ್, ನಿಮ್ಮದೂ ಏನಾದ್ರೂ ಇದೆಯಾ?”

ಎಕ್ಸ್‌ರೇಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಒಂದಿದೆಯಮ್ಮ, ಚಿಕ್ಕದು” ಅಂದ.

“ತನ್ನಿ ಸರ್. ನನ್ನದು ಮುಗಿದ ತಕ್ಷಣ ಹಾಕೋಣ.”

ಅಷ್ಟರಲ್ಲಿ ಹಿರಿಯ ನರ್ಸಮ್ಮ ಬಾಗಿಲು ತಳ್ಳಿಕೊಂಡು ಬಂದರು. “ರೀ ಎಕ್ಸ್‌ರೇ, ಆ ಯಜಮಾನರಿಗೆ ಉಸಿರು ಬಿಡಿ ಅಂತ ಹೇಳಿದ್ರಾ?” ಹೇಳಿರಲಿಲ್ಲ. ಯಜಮಾನರು ಒಳ್ಳೆಯ ವಿಧೇಯ ಮನುಷ್ಯ, ಬದನೆಕಾಯಿ ಬಣ್ಣಕ್ಕೆ ತಿರುಗಿದ್ದರು.

ಊಟದ ಹೊತ್ತಿಗೆ ನರ್ಸಮ್ಮ ಅವನ ಅಭಿಪ್ರಾಯ ಓದಿ, ತಮ್ಮ ಫೋನಿನಲ್ಲಿ ‘ಸಂಜೆ’ ಹಾಕಿಕೊಂಡು ಕೂತರು. ನೋಡಿ ಮುಗಿಸಿ ಹುಬ್ಬು ಗಂಟಿಕ್ಕಿದರು. “ಎಲ್ರೀ ಅದು? ಕಿಟಕಿ ಹತ್ರ ಬಂದ್ಲು, ನೋಡಿದ್ಲು, ಹೋದ್ಲು. ನಡುವೆ ಒಂದು ಸಲ ಕೆಮ್ಮಿದ್ರೆ ತಪ್ಪೇ ಹೋಗುತ್ತೆ. ಫ್ಯಾನಿನ ಸದ್ದೂ ಇಲ್ಲ.”

ಎಕ್ಸ್‌ರೇ ಫೋನ್ ಕಿತ್ತುಕೊಂಡು ನೋಡಿದ, ಮತ್ತೆ ನೋಡಿದ. ನರ್ಸಮ್ಮ ಹೇಳಿದ್ದು ನಿಜ. ಆಗ ಅವನಿಗೆ ನೆನಪಾದದ್ದು ಮನೆಯ ಹಳೇ ಕಂಪ್ಯೂಟರ್. ನೆಟ್ ಹೋದರೆ ಅದರಲ್ಲಿ ಗಿರಗಿರ ತಿರುಗುವ ಚಕ್ರ ಕೂಡ ಬರುತ್ತಿರಲಿಲ್ಲ, ಚಿತ್ರ ಇದ್ದ ಹಾಗೇ ನಿಲ್ಲುತ್ತಿತ್ತು. ಕಿರ್ ಕಿರ್ ಅಂದದ್ದು ಅವನ ತಲೆಯ ಮೇಲಿನ ಸ್ವಂತ ಫ್ಯಾನು. ಏಜೆಂಟರಿಗೆ ಫೋನ್ ಮಾಡಿದ.

“ಆರಿಸ್ತೀನಲ್ಲ ಡೈರೆಕ್ಟ್ರೇ, ದಿನಾ ಊಟದ ಹೊತ್ತಿಗೆ,” ಅಂದರು ಏಜೆಂಟರು ಹೆಮ್ಮೆಯಿಂದ. “ಪೆಟ್ಟಿಗೆ ಬಾಳಿಕೆ ಬರ್ಬೇಕಲ್ಲ. ನಿಮಗೆ ತೊಂದ್ರೆ ಆಗುತ್ತೆ ಅಂತಿದ್ರೆ ಬಿಡಿ, ಇವತ್ತಿಂದ ಆರಿಸಲ್ಲ. ನನ್ನಾಣೆ.”

ಎಕ್ಸ್‌ರೇ ರೋಗಿಗಳು ಮಲಗುವ ಮೇಜಿನ ಮೇಲೆ ತಾನೇ ಕೂತುಬಿಟ್ಟ. ಇಲ್ಲದ ದೃಶ್ಯದ ಬಗ್ಗೆ ಎರಡು ಮಾತಾಡಬೇಕು. ಸಾಲದ್ದಕ್ಕೆ ಹೆಂಡತಿಯ ಮುಖ ನಿಲ್ಲುತ್ತಿದ್ದದ್ದೂ ಏಜೆಂಟರ ಊಟದ ದೆಸೆಯಿಂದ. ಎರಡನೆಯದು ಅವನಿಗೆ ಹೆಚ್ಚು ಚುಚ್ಚಿತು.

“ಹೋಗ್ಲೇಬೇಡಿ. ವಾಂತಿ ಅಂತ ಹೇಳಿ, ನಾನು ಸಾಕ್ಷಿ ಹೇಳ್ತೀನಿ” ಅಂದರು ನರ್ಸಮ್ಮ.

“ಹೋಗದಿದ್ರೆ ನನ್ನ ಚಿತ್ರ?” ಅಂದ ಎಕ್ಸ್‌ರೇ.

ನರ್ಸಮ್ಮ ತಮ್ಮ ಫೋನನ್ನು ವಾಪಸ್ ಇಸಿದುಕೊಂಡರು. “ಹಾಗಿದ್ರೆ ನಾನೂ ಬರ್ತೀನಿ” ಅಂದರು. ತಪ್ಪಿತಸ್ಥ ಭಾವದಿಂದ ಏಜೆಂಟರೂ ಹೊರಟರು. ಜನ ಸೇರುವ ಕಡೆ ಇಬ್ಬರಿಗಾದರೂ ವಿಮೆ ಮಾಡಿಸಬಹುದು ಅನ್ನುವ ಲೆಕ್ಕಾಚಾರವೂ ಇತ್ತು ಅನ್ನಿ.

ಹಾಲ್ ತುಂಬಿತ್ತು. ಬಂದವರಿಗೆಲ್ಲ ಹುಡುಗಿ ಎಕ್ಸ್‌ರೇ ಬರೆದ ಅಭಿಪ್ರಾಯವನ್ನೇ ಅಚ್ಚು ಹಾಕಿಸಿ ಹಂಚಿದ್ದಳು. ಅವನ ಪೆನ್‌ಡ್ರೈವ್ ಇಸಿದುಕೊಂಡು, “ಮೊದಲು ನೋಡಿ ಸರ್, ಆಮೇಲೆ ಮಾತಾಡೋಣ” ಅಂತ ನಕ್ಕಳು. ದೀಪ ಆರಿತು. ‘ಸಂಜೆ’ ಶುರುವಾಯಿತು. ಎಕ್ಸ್‌ರೇ ಮನಸ್ಸಿನಲ್ಲೇ ಮಾತು ಪೋಣಿಸುತ್ತಿದ್ದ, ನಿಜವಾದ ದೀರ್ಘತೆ ಪರದೆಯ ಮೇಲಲ್ಲ, ನೋಡುಗನ ಎದೆಯಲ್ಲಿರುತ್ತೆ, ಹೀಗೇ ಏನೋ ಒಂದು.

ಪರದೆಯ ಮೇಲಿನ ಹೆಂಗಸು ಕಿಟಕಿಗೆ ಬಂದಳು. ಬೀದಿ ಕಡೆ ತಿರುಗಿದಳು. ನಿಂತಳು.

ಹೋಗಬೇಕಿತ್ತಲ್ಲ, ಹೋಗಲಿಲ್ಲ. ರೆಪ್ಪೆಯೂ ಬಡಿಯಲಿಲ್ಲ. ಎಲ್ಲೋ ಒಂದು ಫ್ಯಾನ್ ಕಿರ್ ಕಿರ್ ಅನ್ನುತ್ತಿತ್ತು.

“ಹೋಯ್ತು ನೆಟ್ಟು,” ಅಂತ ಪಿಸುಗುಟ್ಟಿದರು ಏಜೆಂಟರು. “ಇವರ ಪೆಟ್ಟಿಗೆನೂ ಬಿಸಿಯಾಗಿರ್ಬೇಕು.”

ಎಕ್ಸ್‌ರೇ ಕುರ್ಚಿಯ ಅಂಚಿಗೆ ಸರಿದ. ಒಂದು ಸಲ ಬೇಸ್ತು ಬಿದ್ದದ್ದಾಗಿದೆ, ಇನ್ನೊಂದು ಸಲ ಬೀಳುವವನಲ್ಲ. ಪಾಪ ಈ ಹುಡುಗಿಯ ಮರ್ಯಾದೆಯನ್ನಾದರೂ ಉಳಿಸಬೇಕು. ಅವನು ಎದ್ದು, “ಯಾರೂ ಗಾಬರಿಯಾಗ್ಬೇಡಿ, ಸ್ಟಕ್ ಆಗಿದೆ, ನಾನು ನೋಡ್ತೀನಿ” ಅನ್ನುತ್ತ ಕತ್ತಲಲ್ಲಿ ಮೊಣಕಾಲುಗಳನ್ನು ದಾಟಿಕೊಂಡು ಹಿಂದಕ್ಕೆ ನುಗ್ಗಿದ. ಅಲ್ಲಿದ್ದ ಪ್ರೊಜೆಕ್ಟರಿನ ವೈರು ಅವನ ಕಾಲಿಗೆ ಸಿಕ್ಕಿಕೊಂಡಿತು. ಅವನು ಬಿದ್ದ, ಅದೂ ಬಿತ್ತು. ಸುಟ್ಟ ವಾಸನೆ ಬಂತು.

ದೀಪ ಹಾಕಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಲ್‌ನ ಫ್ಯಾನುಗಳನ್ನು ಯಾರೂ ಹಾಕಿಯೇ ಇರಲಿಲ್ಲ.

“ಯಾಕೆ ಸರ್ ನಿಲ್ಸಿದ್ರಿ?” ಅಂದಳು ಹುಡುಗಿ.

“ಚಿತ್ರ ನಿಂತುಹೋಗಿತ್ತಲ್ಲಮ್ಮ.”

“ನಾನೇ ನಿಲ್ಸಿದ್ದು ಸರ್. ನಿಮ್ಮ ಅಭಿಪ್ರಾಯ ಓದಿ ಹೊಸದಾಗಿ ಜೋಡಿಸ್ದೆ. ಫ್ಯಾನಿನ ಸದ್ದೂ ಹಾಕ್ದೆ. ನೀವು ನೋಡಿದ ಚಿತ್ರ ನಾನು ತೆಗೆದಿದ್ದಲ್ಲ ಅಂತ ಓದಿದ ತಕ್ಷಣ ಗೊತ್ತಾಯ್ತು. ಆದ್ರೆ ನೀವು ನೋಡಿದ್ದೇ ಚೆನ್ನಾಗಿತ್ತು.”

ಎಕ್ಸ್‌ರೇ ಬಗ್ಗಿ ಬಿದ್ದದ್ದನ್ನು ಎತ್ತಿ ಗುಂಡಿ ಒತ್ತಿದ. ಪ್ರೊಜೆಕ್ಟರ್ ಮತ್ತೆ ಉಸಿರಾಡಲಿಲ್ಲ. ಹುಡುಗಿ ಪೆನ್‌ಡ್ರೈವನ್ನು ಅವನ ಅಂಗೈಗೆ ವಾಪಸ್ ಇಟ್ಟಳು.

ಮನೆಗೆ ಬಂದು, ಮಂಡಿಗೆ ಮುಲಾಮು ಹಚ್ಚಿಕೊಂಡು, ಹೆಂಡತಿಗೆ ವಿಡಿಯೋ ಕರೆ ಮಾಡಿದ. ನಡೆದದ್ದೆಲ್ಲ ಹೇಳಿದ. ಅವಳು ಹೊಟ್ಟೆ ಹಿಡಿದು ನಕ್ಕಳು, ಆಮೇಲೆ “ತುಂಬಾ ನೋವಾಯ್ತಾ?” ಅಂದಳು. ಆ ಒಂದು ಮಾತಿಗೆ ಅವನ ಮನಸ್ಸು ಕರಗಿಹೋಯಿತು.

“ನಮ್ಮ ಚಿತ್ರದ ಕೊನೇಲಿ ಏನಿದೆ ಗೊತ್ತಾ ನಿಂಗೆ? ನೀನು ನೋಡೇ ಇಲ್ಲ,” ಅಂದ.

ಅವಳು ಮಾತಾಡಲಿಲ್ಲ. ತುಟಿ ಸ್ವಲ್ಪ ತೆರೆದಿತ್ತು, ಕಣ್ಣು ಅವನ ಮೇಲೇ ಇತ್ತು. ಕರೆ ಕತ್ತರಿಸಿ ಮತ್ತೆ ಮಾಡೋಣ ಅಂತ ಅವನ ಬೆರಳು ಹೊರಟಿತು. ತಡೆದುಕೊಂಡ. ಏಜೆಂಟರು ಆಣೆ ಮಾಡಿದ್ದಾರೆ, ನೆಟ್ಟು ಇದೆ. ಅಲ್ಲಾಡದೆ ಇರುವುದೆಲ್ಲ ಕೆಟ್ಟು ನಿಂತದ್ದಲ್ಲ ಅಂತ ಇವತ್ತು ತಾನೇ ಪೆಟ್ಟು ತಿಂದು ಕಲಿತಿದ್ದಾನೆ. ಇವಳು ನಿಜವಾಗಿ ಕೇಳುತ್ತಿದ್ದಾಳೆ.

“ಬಸ್ಸು ತಿರುವು ದಾಟಿದ ಮೇಲೂ ನಾನು ಕ್ಯಾಮೆರಾ ಆರಿಸ್ಲಿಲ್ಲ ಕಣೆ. ಬರೀ ಖಾಲಿ ರಸ್ತೆ. ಏನಾದ್ರೂ ಮರೆತು ವಾಪಸ್ ಬರ್ತೀಯೇನೋ ಅಂತ ಹಿಡ್ಕೊಂಡೇ ನಿಂತಿದ್ದೆ. ನಿನ್ನ ಛತ್ರಿ ನಾನೇ ಬಚ್ಚಿಟ್ಟಿದ್ದೆ, ಅದಕ್ಕಾದ್ರೂ ಬರ್ಲಿ ಅಂತ. ಇಷ್ಟು ದಿನ ಹೇಳೋಕೆ ನಾಚಿಕೆ ಆಗ್ತಿತ್ತು. ನೀನಿಲ್ದೆ ನನಗೆ ಈ ಮನೇಲಿ ಇರೋಕಾಗ್ತಿಲ್ಲ. ವಾಪಸ್ ವರ್ಗ ಕೇಳ್ಕೊಂಡು ಬಂದ್ಬಿಡು.”

ಅವಳು ರೆಪ್ಪೆ ಬಡಿಯಲಿಲ್ಲ. ತನ್ನನ್ನು ಈ ತನಕ ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ ಅನಿಸಿತು ಅವನಿಗೆ. ಕಣ್ಣೀರು ಒರೆಸಿಕೊಳ್ಳದೆ, ಅಲ್ಲಾಡದೆ, ಅವನೂ ಅವಳನ್ನೇ ನೋಡುತ್ತ ಕೂತ. ಮೇಲೆ ಫ್ಯಾನ್ ಕಿರ್ ಕಿರ್ ಅನ್ನುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಏಜೆಂಟರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದರು.

“ಬೇಜಾರು ಮಾಡ್ಕೋಬೇಡಿ ಡೈರೆಕ್ಟ್ರೇ. ಅಭ್ಯಾಸ ನೋಡಿ, ಊಟಕ್ಕೆ ಕೂರೋವಾಗ ಕೈ ತಾನಾಗೇ ಹೋಗಿ ಆರಿಸ್ಬಿಡ್ತು. ಈಗ ಹಾಕಿದೀನಿ.”

ಒಳಗೆ ಫೋನ್ ಟಿಣ್ ಅಂದಿತು. ಹೆಂಡತಿಯ ಸಂದೇಶ.

“ನಿಮ್ಮ ಮುಖ ಹಾಗೇ ನಿಂತುಹೋಯ್ತು ಕಣ್ರೀ. ಕತ್ತರಿಸೋಕೆ ಮನಸ್ಸು ಬರಲಿಲ್ಲ, ಇಷ್ಟು ಹೊತ್ತೂ ನೋಡ್ತಾ ಕೂತಿದ್ದೆ. ಈಗ ನಿದ್ದೆ ಬರ್ತಿದೆ. ಕೊನೇಲಿ ಏನೋ ಇದೆ ಅಂದ್ರಲ್ಲ, ನಾಳೆ ಹೇಳಿ.”