ಕಚ್ಚಿಟ್ಟ ರೊಟ್ಟಿಯ ಸುತ್ತೋಲೆ

ಸಾರಿ-ಬೆಲ್ ವಿಮಾನ ನಿಲ್ದಾಣದಿಂದ ಹಾರಿಹೋದ ಯಾವ ವಿಮಾನವೂ ಇದುವರೆಗೆ ಹಿಂದಿರುಗದೆ ಉಳಿದದ್ದಿಲ್ಲ ಎಂಬುದು ಸರ್ಕಾರವೇ ಒಪ್ಪಿರುವ ಸಂಗತಿ. ಇದ್ದದ್ದು ಒಂದೇ ವಿಮಾನ ಎಂಬುದು ಬೇರೆ ಮಾತು. ಜೋಡಿ ರೆಕ್ಕೆಯ, ಹೊಟ್ಟೆ ಉಬ್ಬಿದ ಆ ಮುದಿ ವಿಮಾನ ನಮ್ಮ ಹುಲ್ಲುಗಾವಲಿನಿಂದ ಎದ್ದು, ಕೆಮ್ಮುತ್ತಾ ಹಿಮದ ಘಾಟಿ ದಾಟಿ, ಓಶ್ ಪಟ್ಟಣದಲ್ಲಿ ಇಳಿದು, ಸಂಜೆಗೆ ಮನೆಗೆ ಬರುತ್ತಿತ್ತು. ನಾನು ನಿಲ್ದಾಣದ ಮೈಕಿನವನು. ಮೈಕಿನಲ್ಲಿ ಬಂದದ್ದು ನಿಜ, ಬರದಿದ್ದದ್ದು ವದಂತಿ. ಆದ್ದರಿಂದ ನನ್ನ ಮಾತನ್ನು ಅನುಮಾನಿಸುವ ಅಧಿಕಾರ ಯಾರಿಗೂ ಇಲ್ಲ.

ಆ ವರ್ಷ ರಾಜಧಾನಿಯಿಂದ ಆದೇಶ ಬಂತು: ಜನ ಚಂದ್ರನ ಮೇಲೆ ಓಡಾಡುತ್ತಿರುವಾಗ ನಿಲ್ದಾಣಗಳು ಕೈಕಟ್ಟಿ ಕೂರುವಂತಿಲ್ಲ, ಪ್ರತಿಯೊಂದೂ ಒಂದು ಆವಿಷ್ಕಾರವನ್ನು ಒಪ್ಪಿಸತಕ್ಕದ್ದು. ನಮ್ಮ ಮೇಲಧಿಕಾರಿ ಮೆದೆರ್ ತಲೆ ಕೆರೆದುಕೊಂಡು ಪಾಯಿಖಾನೆಯ ಬಾಗಿಲಿಗೆ ನೀಲಿ ಬಣ್ಣ ಬಳಿಸಿ, ಅದನ್ನೇ ಆವಿಷ್ಕಾರವೆಂದು ಬರೆದು ಕಳಿಸಿಕೊಟ್ಟರು. ಪಕ್ಕದ ನಿಲ್ದಾಣದವರು ಅದನ್ನು ಮೊದಲೇ ಆವಿಷ್ಕರಿಸಿದ್ದಾರೆಂದು ತಿರಸ್ಕೃತವಾಯಿತು. ಹಿಂದೆಯೇ ತನಿಖೆಗೆ ಲಾಪ್ಟೇವ್ ಎಂಬ ಅಧಿಕಾರಿ ಬಂದಿಳಿದರು.

ಅವರ ಕಣ್ಣು ಕಚೇರಿಯ ಗೋಡೆಯ ಮೊಳೆಗೆ ನೇತುಹಾಕಿದ್ದ, ಒಂದು ಕಡೆ ಕಚ್ಚಿದ ರೊಟ್ಟಿಯ ಮೇಲೆ ಬಿತ್ತು.

"ಇದೇನು ಸಾಧನ?"

"ರೊಟ್ಟಿ, ಕಾಮ್ರೇಡ್," ಅಂದ ಪೈಲಟ್ ಜುಮಾಕಾದಿರ್. "ದೂರ ಹೊರಡೋವಾಗ ಒಂದು ತುತ್ತು ಕಚ್ಚಿ ಮಿಕ್ಕಿದ್ದು ಇಟ್ಟು ಹೋಗೋದು. ಅನ್ನದ ಋಣ ನೋಡಿ, ವಾಪಸ್ ಎಳ್ಕೊಂಡು ಬರುತ್ತೆ. ನಮ್ಮಜ್ಜನ ಕಾಲದಿಂದ ಹಿಂಗೇ."

"ಇದನ್ನಿಟ್ಟು ಹೋಗಿ ನೀವು ಬರದೇ ಇದ್ದದ್ದು ಉಂಟಾ?"

"ಬರದೇ ಇದ್ದಿದ್ರೆ ನಿಮ್ಮ ಹತ್ರ ಈಗ ಯಾರು ಮಾತಾಡ್ತಿದ್ರು?"

ಲಾಪ್ಟೇವರಿಗೆ ಈ ವಾದದಲ್ಲಿ ಯಾವ ದೋಷವೂ ಕಾಣಲಿಲ್ಲ. ಹಿಮ ಕರಗುವ ಹೊತ್ತಿಗೆ ಸುತ್ತೋಲೆ ಬಂತು, ನಾನೇ ಓದಿದೆ:

"ಪ್ರಯಾಣಿಕರ ಗಮನಕ್ಕೆ. ಇಂದಿನಿಂದ ಹಿಂದಿರುಗು-ಖಾತರಿ ಸಾಧನ ಜಾರಿಗೆ ಬಂದಿದೆ. ಹೊರಡುವ ಪ್ರತಿಯೊಂದೂ, ಗಟ್ಟಿ ರೊಟ್ಟಿಯನ್ನು ಕಚ್ಚಿ, ಮಿಕ್ಕದ್ದನ್ನು ಕಚೇರಿಗೆ ಒಪ್ಪಿಸತಕ್ಕದ್ದು. ಹಲ್ಲಿನ ಗುರುತು ಸ್ಪಷ್ಟವಾಗಿರತಕ್ಕದ್ದು. ಹಿಂದಿರುಗುವ ಉದ್ದೇಶವಿಲ್ಲದವರು ಹಿಂದಿರುಗಿ ಬಂದು ಆ ಬಗ್ಗೆ ಅರ್ಜಿ ಸಲ್ಲಿಸತಕ್ಕದ್ದು."

ಜನ ಕಚ್ಚಿದರು, ಹೋದರು, ಬಂದರು. ಮೆದೆರ್ ಅವರ ಎದೆಗೆ ಪದಕ ಬಂತು. ಎಲ್ಲ ಸುಸೂತ್ರವಾಗಿತ್ತು, ಬುರುಲ್ ಆಪಾ ಬರುವವರೆಗೆ.

ಬುರುಲ್ ಆಪಾ ಮೇಲಿನ ಕೇರಿಯ ಮುದುಕಿ; ಹಿರಿಯ ಹೆಂಗಸರನ್ನು ನಾವು ಆಪಾ ಅಂತಲೇ ಕರೆಯುವುದು. ಮಗ ಓಶ್‌ನಲ್ಲಿದ್ದ, ಅವನಿಗೆ ಗಂಡು ಕೂಸು ಹುಟ್ಟಿತ್ತು. ಕೂಸು ಎದ್ದು ನಿಲ್ಲುವ ಹೊತ್ತಿಗೆ ಅದರ ಕಾಲಿಗೆ ಕಪ್ಪು-ಬಿಳಿ ದಾರ ಕಟ್ಟಿ ಕತ್ತರಿಸುವುದು ನಮ್ಮ ಪದ್ಧತಿ. ಹಾಗೆ ಮಾಡಿದರೆ ಮಗು ಎಡವದೆ ನಡೆಯುತ್ತದೆ. ಈ ದಾರ ಕತ್ತರಿಸಬೇಕಾದವಳು ಆಪಾ. ಅವಳು ಕುರಿ ಉಣ್ಣೆ ಕತ್ತರಿಸುವ ಕತ್ತರಿಯನ್ನೇ ಮಸೆದು ತಂದಿದ್ದಳು.

ಮೆದೆರ್ ರೊಟ್ಟಿ ಮುಂದೆ ಹಿಡಿದರು. ಆಪಾ ಬಾಯಿ ತೆರೆದಳು. ಒಳಗೆ ಒಂದೇ ಒಂದು ಹಲ್ಲಿರಲಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ವಿಮಾನವೇ ಇದ್ದರೂ ಹಲ್ಲಿರಲಿಲ್ಲ.

"ಚಹಾದಲ್ಲಿ ಅದ್ದಿ ಕೊಡೋ ಮಗಾ, ಒಸಡಲ್ಲೇ ಕಚ್ತೀನಿ."

"ಗುರುತು ಸ್ಪಷ್ಟ ಇರಲ್ಲ ಆಪಾ."

"ಹಂಗಾದ್ರೆ ಈ ಮೈಕಿನೋನು ಕಚ್ಲಿ. ಇವನ ಹಲ್ಲು ನೋಡು, ಕುದುರೆ ಹಲ್ಲು!"

"ಅವನು ಕಚ್ಚಿದ್ರೆ ಅವನೇ ಹೋಗ್ಬೇಕಾಗುತ್ತೆ."

"ಇವನು ಹೋಗಿ ನನ್ನ ಮೊಮ್ಮಗನ ದಾರ ಕತ್ತರಿಸ್ತಾನಾ? ಥೂ!"

ಮೆದೆರ್ ಕಟುಕರೇನಲ್ಲ. ಸರ್ಕಾರಿ ದಂತವೈದ್ಯರಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬರುವಂತೆ ಸಲಹೆ ಕೊಟ್ಟರು. ದಂತವೈದ್ಯರಿದ್ದದ್ದು ಓಶ್‌ನಲ್ಲಿ.

"ಅಲ್ಲಿಗೆ ಹೆಂಗೆ ಹೋಗ್ಲಿ?"

"ವಿಮಾನದಲ್ಲಿ," ಅಂದರು ಮೆದೆರ್, ಅಷ್ಟೂ ತಿಳಿಯದವಳಿಗೆ ಹೇಳುವಂತೆ.

ಆಪಾ ಜಗ್ಗಲಿಲ್ಲ; ಆ ವಯಸ್ಸಿನಲ್ಲಿ ಘಾಟಿ ನಡೆದು ದಾಟುವುದೂ ಆಗದು. ವಿಮಾನ ಏರುವ ಏಣಿಯ ಪಕ್ಕದಲ್ಲೇ ಕಂಬಳಿ ಹಾಸಿ ಕೂತಳು. ದಿನಾ ಬೆಳಿಗ್ಗೆ ಬರುವಳು, ಸಂಜೆ ಜುಮಾಕಾದಿರ್ ಇಳಿಯುತ್ತಲೇ ತಡೆದು ಕೇಳುವಳು.

"ಏನಂತೆ ಕೂಸು?"

"ಗೋಡೆ ಹಿಡ್ಕೊಂಡು ನಿಲ್ಲುತ್ತಂತೆ ಆಪಾ."

"ಕೂರ್ಸಿ ಅಂತ ಹೇಳು! ನಾನು ಬರೋ ತನಕ ಕೂರ್ಸಿ!"

ಬೈದು ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ಪಾಪ ಅನ್ನಿಸುತ್ತಿತ್ತು. ಆದರೆ ಪಾಪ ಅನ್ನಿಸುವುದನ್ನು ಮೈಕಿನಲ್ಲಿ ಹೇಳಲು ಅವಕಾಶವಿಲ್ಲ.

ಕೊನೆಗೆ ಜುಮಾಕಾದಿರ್ ನನ್ನ ಕಿವಿಯಲ್ಲಿ ಉಸುರಿದ: ಸಾಮಾನಿನ ಮೂಟೆಗಳ ನಡುವೆ ಮುದುಕಿಯನ್ನು ಕೂರಿಸಿ ಹಾರಿಸಿಬಿಡುತ್ತೇನೆ. ಅಂದೇ ಮೆದೆರ್ ಸುತ್ತೋಲೆಯನ್ನು ಮತ್ತೊಮ್ಮೆ ಓದಬೇಕೇ! ಓದಿದವರು ಹೌಹಾರಿ ಓಡಿಬಂದರು.

"‘ಹೊರಡುವ ಪ್ರತಿಯೊಂದೂ’ ಅಂತಿದೆ! ಜುಮಾಕಾದಿರ್, ವಿಮಾನ ಹೊರಡುತ್ತೋ ಇಲ್ವೋ?"

"ಹೊರಡುತ್ತೆ."

"ಅಂದ್ಮೇಲೆ ಅದೂ ಕಚ್ಬೇಕು."

"ಅದಕ್ಕೆ ಬಾಯೆಲ್ಲಿದೆ ಅಣ್ಣಾ?"

"ಮೂತೀಲಿ ಫ್ಯಾನು ತಿರುಗ್ತಿದೆಯಲ್ಲ, ಅದೇನು ಮೂಗುತಿನಾ?"

ಹುಲ್ಲು ಎತ್ತುವ ಉದ್ದ ಕವೆಗೋಲಿನ ತುದಿಗೆ ರೊಟ್ಟಿ ಸಿಕ್ಕಿಸಿ ಫ್ಯಾನಿಗೆ ಹಿಡಿದೆವು. ವಿಮಾನಕ್ಕೆ ಎಷ್ಟು ದಿನದ ಹಸಿವಿತ್ತೋ, ಕಚ್ಚಿ ಬಿಡಲಿಲ್ಲ, ಪೂರಾ ನುಂಗಿತು. ಕವೆಗೋಲಿನ ತುದಿಯೂ ಹೋಯಿತು. ಚೂರುಗಳು ಹುಲ್ಲುಗಾವಲಿನ ತುಂಬ ಹಾರಿದವು, ಕಾಗೆಗಳು ಬಂದು ಹೆಕ್ಕಿಕೊಂಡು ಹೋದವು. ಮೊಳೆಗೆ ನೇತುಹಾಕಲು ಏನೂ ಉಳಿಯಲಿಲ್ಲ. ಮಿಕ್ಕ ರೊಟ್ಟಿಯಿಲ್ಲದೆ ಹೊರಡುವಂತಿಲ್ಲ, ಹೀಗಾಗಿ ವಿಮಾನ ನಿಂತಿತು.

ರಾಜಧಾನಿಗೆ ಬರೆದೆವು. ಸದರಿ ರೊಟ್ಟಿಯನ್ನು ಕಾಗೆಗಳಿಂದ ವಸೂಲು ಮಾಡತಕ್ಕದ್ದು, ಕಾಗೆಗಳು ಹಾರುವುದರಿಂದ ಇಲಾಖೆಯ ವ್ಯಾಪ್ತಿಗೇ ಬರುತ್ತವೆ ಎಂದು ಉತ್ತರ ಬಂತು. ಕಾಗೆಗಳು ಸಹಕರಿಸಲಿಲ್ಲ. ವಿಮಾನವೇ ಹೋಗದಿದ್ದ ಮೇಲೆ ಹಿಂದಿರುಗದ ವಿಮಾನವೂ ಇಲ್ಲವಾಗಿ ಮೆದೆರ್ ಅವರಿಗೆ ಎರಡನೆಯ ಪದಕ ಬಂತು. ಆದರೆ ಪ್ರಯಾಣಿಕರಿಲ್ಲದ ನಿಲ್ದಾಣವನ್ನು ಮುಚ್ಚುತ್ತಾರೆ ಎಂಬ ಭಯವಿತ್ತು. ಹಾಗಾಗಿ ಘಾಟಿಯನ್ನು ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ದಾಟುವವರನ್ನೆಲ್ಲ ವಿಮಾನ ಪ್ರಯಾಣಿಕರೆಂದೇ ಪರಿಗಣಿಸಲಾಯಿತು. ಅವರೂ ರೊಟ್ಟಿ ಕಚ್ಚಿದರು, ನಾನೂ ಅವರ ಹೊರಡುವಿಕೆಯನ್ನು ಮೈಕಿನಲ್ಲಿ ಸಾರಿದೆ. ಆಪಾ ವಿಮಾನದ ರೆಕ್ಕೆಯ ಮೇಲೆ ಮೊಸರಿನ ಉಂಡೆ ಒಣಹಾಕಲು ಶುರುಮಾಡಿದಳು. ಬಿಸಿಲು ಚೆನ್ನಾಗಿ ಬೀಳುತ್ತದೆ.

ಹೀಗೆ ವರ್ಷಗಳು ಕಳೆದವು. ಒಂದು ಬೇಸಗೆಯಲ್ಲಿ ಘಾಟಿಯ ಕಡೆಯಿಂದ ಒಬ್ಬ ಗಂಡಸು ಕುದುರೆ ಹಿಡಿದುಕೊಂಡು ಬಂದ. ಅವನ ಮುಂದೆ ಒಬ್ಬ ಪುಟ್ಟ ಹುಡುಗ ಕಲ್ಲು ಒದೆಯುತ್ತಾ ನಡೆದು ಬರುತ್ತಿದ್ದ. ಆಪಾ ಉಂಡೆಗಳನ್ನು ಕೆಳಗೆ ಚೆಲ್ಲಿಬಿಟ್ಟಳು.

"ಅಯ್ಯೋ ಪಾಪಿ ನನ್ಮಗನೇ, ದಾರ ಕತ್ತರಿಸದೇ ನಡೆಸಿಬಿಟ್ಟೆಯಲ್ಲೋ!"

"ಇಲ್ಲಮ್ಮಾ," ಎಂದು ಮಗ ಜೇಬಿನಿಂದ ಕಪ್ಪು-ಬಿಳಿ ದಾರ ತೆಗೆದ. "ನೀನಲ್ದೆ ಇನ್ಯಾರು ಕತ್ತರಿಸ್ತಾರೆ? ನಡೆದಿದ್ದಾನೆ, ಆದರೆ ಲೆಕ್ಕಕ್ಕಿಲ್ಲ."

ಇದು ನಿಯಮಬದ್ಧ ಉತ್ತರ ಎಂದು ಮೆದೆರ್ ತಲೆದೂಗಿದರು. ಹಿಮದ ಘಾಟಿ ನಡೆದು ದಾಟಿದ ಹುಡುಗನ ಕಾಲಿಗೆ ವಿಮಾನದ ನೆರಳಿನಲ್ಲಿ ದಾರ ಕಟ್ಟಿದೆವು. ಆಪಾ ಆ ಉಣ್ಣೆ ಕತ್ತರಿಯಿಂದಲೇ ಕತ್ತರಿಸಿದಳು. "ನಡಿ ನನ್ನ ಬಂಗಾರಾ, ಇನ್ನು ನಡಿ," ಅಂದಳು. ಅವನು ನಡೆದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ.

ವಾರ ಕಳೆದು ಹೊರಡುವ ದಿನ ಅಪ್ಪ ರೊಟ್ಟಿ ಕಚ್ಚಿದ. ಮೆದೆರ್ ಹುಡುಗನ ಮುಂದೆ ಇನ್ನೊಂದು ರೊಟ್ಟಿ ಹಿಡಿದರು. ಅವನು ಬಾಯಿ ತೆರೆದ. ಮೇಲೆ ಎರಡು, ಕೆಳಗೆ ಎರಡು, ಹಾಲುಹಲ್ಲು ಉದುರಿ ಮುಂಬಾಯಿ ಖಾಲಿ.

ಬುರುಲ್ ಆಪಾ ಬಗ್ಗಿ ಆ ಬಾಯೊಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ನೆಟ್ಟಗೆ ನಿಂತು ಮೆದೆರ್ ಕಡೆ ತಿರುಗಿದಳು.

"ನಿಯಮ ಅಂದ್ರೆ ನಿಯಮ. ಸರ್ಕಾರ ಸುಮ್ನೆ ಮಾಡಿರುತ್ತಾ? ಯಾರಾದ್ರೂ ಇದನ್ನ ಬದಲಾಯಿಸಿದ್ರೆ ನೋಡು, ಕತ್ತರಿ ಇನ್ನೂ ಮಸೆದೇ ಇದೆ."

ಅಪ್ಪ ಒಬ್ಬನೇ ಕುದುರೆ ಏರಿದ. ಮೊಮ್ಮಗನನ್ನು ಸೊಂಟಕ್ಕೆ ಒತ್ತಿಕೊಂಡು ಆಪಾ ಮನೆ ದಾರಿ ಹಿಡಿದಳು. ಆ ಹುಡುಗನಿಗೆ ಅವಳು ಗಟ್ಟಿ ಪದಾರ್ಥ ಏನನ್ನೂ ಕೊಡಲಿಲ್ಲ, ಬರೀ ಕೆನೆ, ಜೇನು. ಹಲ್ಲಿಗೆ ಅವಸರ ಆಗಬಾರದಲ್ಲ.

ನಾನು ಮೈಕು ಹಿಡಿದು ಸಾರಿದೆ:

"ಪ್ರಯಾಣಿಕರ ಗಮನಕ್ಕೆ. ಓಶ್‌ಗೆ ಹೊರಡಬೇಕಿದ್ದ ಪ್ರಯಾಣವು ಹಲ್ಲಿನ ಕಾರಣದಿಂದ ತಡವಾಗಿದೆ. ತಡಕ್ಕಾಗಿ ಯಾರೂ ವಿಷಾದಿಸುತ್ತಿಲ್ಲ."