ಚೂರಿ ವಿರೋಧಿಸಲು ಹೋದ ಮದುಮಗ

ನಲವತ್ತಾರನೆಯ ವಯಸ್ಸಿನಲ್ಲಿ ನನ್ನ ಲಗ್ನ ನಿಶ್ಚಯವಾಯಿತು. ಹುಡುಗಿ ಬ್ಯಾಡಗಿಯವಳು, ಹೆಸರು ಶಾಂತಾ, ಹೊಲಿಗೆ ಕೆಲಸ. ಲಗ್ನಕ್ಕೆ ವಾರವಿರುವಾಗ ಅವಳ ಅಣ್ಣ ಫೋನ್ ಮಾಡಿದ.

"ನಿಮ್ಮ ಕಡಿಯವ್ರು ಎಷ್ಟ ಮಂದಿ ಬರ್ತಾರ್ರಿ? ಅಡಿಗಿಯವ್ರಿಗೆ ಹೇಳಬೇಕಿತ್ತು."

"ನಲವತ್ತು ಮಂದಿ ಹಿಡೀರಿ," ಎಂದೆ.

ನಲವತ್ತು! ತಂದೆತಾಯಿ ತೀರಿಹೋಗಿದ್ದಾರೆ, ಒಡಹುಟ್ಟಿದವರಿಲ್ಲ. ರಾಣೆಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ ಚೀಲ ಎಣಿಸುವವನು ನಾನು. ಚೀಲಗಳು ಲಗ್ನಕ್ಕೆ ಬರುವುದಿಲ್ಲ. ನನ್ನ ಕಡೆಯವರೆಂದರೆ ನಾನೇ.

ಆದರೆ ನನ್ನ ಬಳಿ ಒಂದು ಉಪಾಯವಿತ್ತು. ಲಗ್ನದ ಹಿಂದಿನ ದಿನ, ಭಾನುವಾರ, ನಮ್ಮ ಓಣಿಯ ವಾಚನಾಲಯದಲ್ಲಿ ಚರ್ಚಾಕೂಟ. ವಿಷಯ: ಚಾಕು-ಚೂರಿ ಹಿಡಿದು ತಿರುಗುವವರ ಮೇಲೆ ಕಾಯ್ದೆ ಇನ್ನೂ ಬಿಗಿಯಾಗಬೇಕೇ? ಟೀವಿಯಲ್ಲಿ, ಚಹಾದಂಗಡಿಯಲ್ಲಿ, ಎಲ್ಲೆಲ್ಲೂ ಆಗ ಅದೇ ಮಾತು. ಬಿಗಿಯಾಗಬೇಕು ಎಂಬ ಪಕ್ಷಕ್ಕೆ ಮುಖ್ಯ ಭಾಷಣಕಾರ ನಾನು. ಹತ್ತು ವರ್ಷದಿಂದ ದಿನಾ ಅಲ್ಲಿ ಕೂತು ಪೇಪರ್ ಓದಿದವನು, ಇಷ್ಟಾದರೂ ಹಕ್ಕು ಬೇಡವೇ? ಭರ್ಜರಿ ಭಾಷಣ ಬಿಗಿಯುವುದು, ಚಪ್ಪಾಳೆ ಬೀಳುತ್ತಿದ್ದಂತೆ ಲಗ್ನಪತ್ರ ಹಂಚುವುದು, ನಲವತ್ತು ಮಂದಿಯನ್ನು ಬಸ್ ಹತ್ತಿಸುವುದು. ಇಷ್ಟು ಸರಳ!

ಭಾನುವಾರ ಬೆಳಿಗ್ಗೆ ಮನೆಯೊಡತಿ ಗಂಗಕ್ಕ ನನಗೆ ಅರಿಷಿಣ ಹಚ್ಚಿದರು. ಐದು ಮುತ್ತೈದೆಯರು ಹಚ್ಚಬೇಕು. ಸಿಕ್ಕವರು ಇಬ್ಬರು. ಗಂಗಕ್ಕನೇ ನಾಲ್ಕು ಸಲ ಹಚ್ಚಿ ಲೆಕ್ಕ ಸರಿಮಾಡಿದರು. ಆಮೇಲೆ ತುದಿಗೆ ಲಿಂಬೆಹಣ್ಣು ಚುಚ್ಚಿದ ಚೂರಿಯೊಂದನ್ನು ಕೈಗಿಟ್ಟರು. ನಮ್ಮ ಕಡೆ ಮದುಮಗನಿಗೆ ದೃಷ್ಟಿ, ಗಾಳಿ ತಾಗಬಾರದೆಂದು ಕೊಡುವ ಚೂರಿ ಅದು.

"ತಾಳಿ ಕಟ್ಟೂತನಕ ಇದನ್ನ ಬಿಡಬ್ಯಾಡ್ರಿ. ಮದಿಮಗ ಒಬ್ಬನ ಅಡ್ಡಾಡಬಾರದು. ಜೋಡಿ ಯಾರರ ಇರಬೇಕು."

"ನನ್ನ ಜೋಡಿ ಯಾರ ಅದಾರ ಅಕ್ಕಾ?"

ಗಂಗಕ್ಕ ಚೂರಿಯ ಹಿಡಿಯ ಮೇಲೆ ನನ್ನ ಬೆರಳು ಮಡಿಸಿದರು. "ಹಂಗಾರ ಚೂರಿನರ ಇರ್ಲಿ," ಎಂದರು.

ಚೂರಿ ವಿರೋಧಿ ಭಾಷಣಕ್ಕೆ ಚೂರಿ ಒಯ್ಯುವುದೇ? ಬಿಟ್ಟುಹೋಗಲು ಧೈರ್ಯ ಬರಲಿಲ್ಲ. ನಲವತ್ತಾರು ವರ್ಷಕ್ಕೆ ಕೂಡಿಬಂದ ಕಂಕಣಬಲ, ಒಂದು ಚೂರಿಗಾಗಿ ಕೆಟ್ಟರೆ? ಲಿಂಬೆಹಣ್ಣಿನ ಸಮೇತ ಟವೆಲ್ಲಿನಲ್ಲಿ ಸುತ್ತಿ ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮುಖದ ಅರಿಷಿಣವನ್ನು ಸೋಪು ಹಾಕಿ ತಿಕ್ಕಿದೆ. ಅದು ಹೋಗಲಿಲ್ಲ.

ವಾಚನಾಲಯದಲ್ಲಿ ಇಪ್ಪತ್ತಮೂರು ಜನ. ಅಧ್ಯಕ್ಷತೆಗೆ ನಿವೃತ್ತ ಹೆಡ್‌ಮಾಸ್ತರ ಪಾಟೀಲರು.

"ಯಾಕ್ರಿ ಬಸಣ್ಣ, ಕಾಮಾಲಿ ಆಗೇತೇನು?" ಎಂದು ಕೇಳಿದರು.

"ಬಿಸಲಾಗ ಬಂದೇನ್ರಿ ಸರ," ಎಂದೆ.

ಮೊದಲು ಎದುರು ಪಕ್ಷದ ಇಮಾಮ್‌ಸಾಬರು ಎದ್ದರು. ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಅವರದು. "ಕಾಯ್ದೆ ಬ್ಯಾಡ ಅನ್ನಂಗಿಲ್ರಿ ನಾನು. ಆದ್ರ ರಟ್ಟು ಕೊಯ್ಯೂ ಚಾಕು ಮನಿಯಿಂದ ಅಂಗಡಿಗೆ ನನ್ನ ಜೋಡಿನ ಬರಬೇಕಲ್ಲ? ಅದಕ್ಕೇನು ಕಾಲ ಅದಾವ? ಹಿಡಿಯೂ ಮುಂಚೆ ಯಾಕ ಒಯ್ಯಾಕತ್ತೀಪಾ ಅಂತ ಒಂದ ಮಾತು ಕೇಳ್ರಿ, ಅಷ್ಟ."

ಹಲಗೇರಿಯ ರೈತ ನಿಂಗಪ್ಪ ಕುಡುಗೋಲು ಹಿಡಿದು ಬಸ್ ಹತ್ತುವ ತನ್ನ ಕಷ್ಟ ಹೇಳಿದ. ಚಪ್ಪಾಳೆ ಬಿತ್ತು. ನನ್ನ ಚಪ್ಪಾಳೆ ಅವರ ಪಾಲಾಗುತ್ತಿದೆಯಲ್ಲ ಎಂದು ನನಗೆ ರೋಷ ಬಂತು. ಎದ್ದೆ.

"ಸಭಿಕರೇ! ಕಾರಣ ಕೇಳಲೇಬಾರದು! ಕಾರಣ ಯಾರ ಬಳಿ ಇಲ್ಲ? ಪ್ರತಿಯೊಬ್ಬನೂ ಒಂದು ಕತೆ ಕಟ್ಟುತ್ತಾನೆ! ಚೂರಿ ಸಿಕ್ಕಿತೇ, ನೇರ ಠಾಣೆಗೆ! ಸಭ್ಯ ನಾಗರಿಕನಿಗೆ ಚೂರಿಯ ಅಗತ್ಯವೇನು?" ಎಂದು ಮೇಜು ಗುದ್ದಿದೆ.

ಟವೆಲ್ಲು ಸಡಿಲಾಯಿತು. ಮೊದಲು ಲಿಂಬೆಹಣ್ಣು ಬಿತ್ತು. ಉರುಳಿ ಪಾಟೀಲ ಮಾಸ್ತರರ ಕಾಲ ಬಳಿ ನಿಂತಿತು. ಹಿಂದೆಯೇ ಚೂರಿ ಖಣ್ಣೆಂದಿತು.

ಎಲ್ಲರಿಗಿಂತ ಮೊದಲು ಬಾಯಿ ಬಂದದ್ದು ನಿಂಗಪ್ಪನಿಗೆ. "ಕಾರಣ ಕೇಳಬಾರದು ಅಂತ ಇವ್ರ ಹೇಳ್ಯಾರ. ಲಗೂನ ಠಾಣೆಕ್ಕ ಕರಕೊಂಡು ನಡೀರಿ!"

ಠಾಣೆಗೆ ಹೋದರೆ ಬಿಡಿಸಲು ಯಾರು ಬರುತ್ತಾರೆ? ಫೋನಿನಲ್ಲಿ ಯಾರ ಹೆಸರು ಒತ್ತಲಿ? ಗೋದಾಮಿನ ಕಾವಲುಗಾರನ ನಂಬರ್ ಬಿಟ್ಟರೆ ಶಾಂತಾಳದು, ಅವಳ ಅಣ್ಣನದು, ಅಷ್ಟೇ.

"ತಡೀರ್ರಿ," ಎಂದರು ಇಮಾಮ್‌ಸಾಬರು. "ಕಾರಣ ಕೇಳೂಣು."

"ನಾ ಮದಿಮಗ ಅದೇನ್ರಿ. ನಾಳೆ ಬ್ಯಾಡಗ್ಯಾಗ ನನ್ನ ಲಗ್ನ," ಎಂದೆ.

"ಖರೇನ? ನಿಮ್ಮದಾ?" ಪಾಟೀಲ ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನ ಹಳದಿ ಮುಖ ನೋಡಿದರು. ಸಭೆ ನಕ್ಕಿತು. ಬೆಳಿಗ್ಗೆಯಿಂದ ಕಾಯುತ್ತಿದ್ದ ಚಪ್ಪಾಳೆಯೂ ಆಗಲೇ ಬಿತ್ತು. ಕಾಯ್ದೆ ಎಷ್ಟೇ ಬಿಗಿಯಾದರೂ ಮದುಮಗನ ಚೂರಿಗೆ ವಿನಾಯಿತಿ ಇರಬೇಕೆಂದು ಠರಾವು ಪಾಸಾಯಿತು. ಎಲ್ಲರೂ ಕೈ ಎತ್ತಿದರು, ನಿಂಗಪ್ಪನೂ!

ಇದೇ ಸಮಯವೆಂದು ಚೀಲದಿಂದ ಲಗ್ನಪತ್ರ ತೆಗೆದು ಹಂಚತೊಡಗಿದೆ. ನಗು ಒಬ್ಬೊಬ್ಬರಾಗಿ ನಿಂತಿತು.

"ಮನೀಗೆ ಬಂದು ಅಕ್ಷತಿ ಕೊಟ್ಟು ಕರಿಯೂದು ಪದ್ಧತಿ ಬಸಣ್ಣ," ಎಂದರು ಮಾಸ್ತರರು. "ಹಿಂದಿನ ದಿನ ಪೇಪರ್ ಹಂಚಿದಂಗ ಹಂಚಿದ್ರ ಹೆಂಗ ಬರಾದು?"

ಮಾತು ನಿಜ. ಮನೆಗೆ ಹೋಗಿ ಕರೆಯೋಣವೆಂದರೆ ಇವರ ಮನೆಗಳು ಯಾವ ಓಣಿಯಲ್ಲಿವೆಯೆಂದೇ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಪಕ್ಕಪಕ್ಕ ಕೂತು ಒಂದೇ ಪೇಪರ್ ಹಾಳೆ ಹಂಚಿಕೊಂಡು ಓದಿದವರು ನಾವು. ಅವರು ನನ್ನನ್ನು ಚಹಾಕ್ಕೆ ಕರೆಯಲಿಲ್ಲ, ನಾನೂ ಅವರನ್ನು ಕರೆಯಲಿಲ್ಲ.

"ತಪ್ಪಾತ್ರಿ. ಆದ್ರ ನನಗ ಯಾರೂ ಇಲ್ರಿ," ಎಂದೆ. ಭಾಷಣಕ್ಕೆ ಬರೆದುಕೊಂಡಿದ್ದ ನಾಲ್ಕು ಹಾಳೆಯಲ್ಲಿ ಈ ವಾಕ್ಯ ಇರಲಿಲ್ಲ.

ಮಾಸ್ತರರಿಗೆ ಕನಿಕರ ಬಂದಿರಬೇಕು. ಸಭೆಯತ್ತ ತಿರುಗಿದರು. "ನಾಳೆ ಬಸಣ್ಣನ ಜೋಡಿ ಬ್ಯಾಡಗಿಗೆ ಹೋಗವ್ರು ಕೈ ಎತ್ತರಿ."

ನಾಳೆ ಸೋಮವಾರ. ಅಂಗಡಿ, ಆಫೀಸು, ಹೊಲ. ನಾನು ತಲೆ ತಗ್ಗಿಸಿ ನಿಂತೆ. ಮಾಸ್ತರರು ಎಣಿಸಿ, "ಎರಡು," ಎಂದರು.

ತಲೆ ಎತ್ತಿ ನೋಡಿದೆ. ಒಂದು ಇಮಾಮ್‌ಸಾಬರ ಕೈ. ಇನ್ನೊಂದು, ಗಡಿಬಿಡಿಯಲ್ಲಿ ನಾನೇ ಎತ್ತಿದ್ದು.