ಮಾವನ ಕ್ಲಚ್ಚಿನ ಪಿನ್ನು

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುತ್ತಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು ತಳ್ಳಿಸಲು!

ಅರವತ್ತರ ದಶಕದಲ್ಲಿ, ಬಳ್ಳಾರಿ ಬಿಟ್ಟು ಸ್ವದೇಶಕ್ಕೆ ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ಮಾವ ಕೊಂಡ ಇಂಗ್ಲೆಂಡಿನ ಕಾರದು. ಎರಡೇ ಸೀಟು, ಮೇಲೆ ಚಾವಣಿಯ ಬದಲು ನಮ್ಮೂರ ಬಿಸಿಲು. ಮದುವೆಯಾಗದ ಮಾವನಿಗೆ ಎರಡು ಸೀಟೂ ಹೆಚ್ಚೇ. ಪೆಡಲು ತುಳಿದದ್ದನ್ನು ಕ್ಲಚ್ಚಿಗೆ ಮುಟ್ಟಿಸುವ ಫೋರ್ಕನ್ನು ಅದರ ದಂಡಕ್ಕೆ ಹಿಡಿದಿದ್ದದ್ದು ಒಂದೇ ಒಂದು ಪಿನ್ನು. ಆ ಜಾತಿಯ ಕಾರುಗಳಿಗೆಲ್ಲ ಇದೇ ಜಾಡ್ಯವಂತೆ: ಪಿನ್ನು ಮುರಿದರೆ ಪೆಡಲು ಎಷ್ಟು ತುಳಿದರೂ ಕ್ಲಚ್ಚಿಗೆ ಸುದ್ದಿಯೇ ಮುಟ್ಟುವುದಿಲ್ಲ!

ಕುರುಗೋಡಿಗೆ ಹೆಣ್ಣು ನೋಡಲು ಹೊರಟ ದಿನ ಅದು ದಾರಿಯಲ್ಲೇ ಮುರಿಯಿತು. ಪಕ್ಕದಲ್ಲಿ ನಾನು, ಕಣ್ಣು ಮುಚ್ಚಿ. "ನಿಂತರ ಮತ್ತ ಹೊರಡಂಗಿಲ್ಲಲೇ" ಎಂದ ಮಾವ ಹೆಣ್ಣಿನ ಮನೆ ಬಂದರೂ ನಿಲ್ಲಿಸಲಿಲ್ಲ. ಕಟ್ಟೆಯ ಮೇಲೆ ಕಾದಿದ್ದವರಿಗೆ ಒಂಟಿ ಕೈಯಲ್ಲಿ ನಮಸ್ಕಾರ ಹೊಡೆದು ಮುಂದೆ ಸಾಗಿದರು. ಬೀಗರಾಗಬೇಕಿದ್ದವರು ಹೇಳಿ ಕಳಿಸಿದರು: "ಹುಡುಗಿನ್ನ ಹೆಂಗ್ ತೋರಸೂದ್ರಿ? ಹಿಂದ ಓಡಿಕೋಂತ ಬರಬೇಕೇನು?"

ಊರೊಳಗೆ ಕೆಟ್ಟಾಗ ಓಣಿಯವರು ಮನೆತನಕ ತಳ್ಳುತ್ತಿದ್ದರು. ತಳ್ಳಿದವರಿಗೆಲ್ಲ ಅಂಗಳದಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆ, ಹರಟೆ. "ಸಾಹುಕಾರ್ರ, ಮತ್ತ ಯಾವಾಗ ಕೆಡತೈತ್ರಿ?" ಎಂದು ಮುಂಚಿತವಾಗಿ ವಿಚಾರಿಸುವವರೂ ಇದ್ದರು!

ನನಗೋ ಚಿಂತೆ. ಸಿರುಗುಪ್ಪದ ದಾರಿಯಲ್ಲಿ, ಗದ್ದೆಗಳ ನಡುವೆ ಮಾವ ಒಬ್ಬರೇ ಸಿಕ್ಕಿಬಿದ್ದರೆ? ಹಾವು? ಲಾರಿ? ಎದೆನೋವು? ಪೀಡಿಸಿ ಪೀಡಿಸಿ ಒಪ್ಪಿಸಿದೆ. ಸೀಟು ಕಿತ್ತು, ಗೇರ್‌ಬಾಕ್ಸನ್ನು ಕಾರಿನೊಳಗಿಂದಲೇ ಎತ್ತಿ, ಫೋರ್ಕಿಗೂ ಅದರ ದಂಡಕ್ಕೂ ಅಡ್ಡಲಾಗಿ ಇನ್ನೊಂದು ತೂತು ಕೊರೆಸಿ, ಗಟ್ಟಿ ಬೋಲ್ಟು ಜಡಿಸಿದರು.

"ಇನ್ನ ನಾ ಸತ್ತರೂ ಇದು ಸಾಯಂಗಿಲ್ಲ ನೋಡು" ಎಂದರು ಮಾವ.

ಸಾಯಲೂ ಇಲ್ಲ. ಮಾವ ತಾವೇ ಹೊರಡುವರು, ತಾವೇ ಮರಳುವರು. ಓಣಿಯವರು ದೂರದಿಂದಲೇ ಕೈಯೆತ್ತಿ, "ಭೇಷ್ ಓಡತೈತ್ರಿ!" ಎಂದು ತಂತಮ್ಮ ಕೆಲಸಕ್ಕೆ ಹೋಗುವರು. ಅಂಗಳದಲ್ಲಿ ಗುಬ್ಬಿಗಳದ್ದಷ್ಟೇ ಸದ್ದು. ನಾನೂ ಆ ಕಡೆ ಸುಳಿಯಲಿಲ್ಲ. ಚಿಂತೆಯಿಲ್ಲದಿದ್ದರೆ ನಾನು ಯಾರ ಮನೆಗೂ ಹೋಗುವವನಲ್ಲ, ಏನು ಮಾಡಲಿ!

ಒಂದು ಸಂಜೆ ಮಾವ ನಮ್ಮ ಬಾಗಿಲಲ್ಲಿ ನಿಂತಿದ್ದರು. ನಡೆದೇ ಬಂದಿದ್ದರು.

"ಏನ್ ಮಾವ, ಬೋಲ್ಟೂ ಮುರೀತೇನು?"

"ಇಲ್ಲಲೇ."

"ಮತ್ತೇನ್ ಕೆಟ್ಟೈತಿ?"

ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಏನೂ ಕೆಟ್ಟಿಲ್ಲ. ಭಾಳ ದಿನ ಆತು, ಏನೂ ಕೆಟ್ಟಿಲ್ಲ" ಎಂದರು. "ಸುಮ್ನ... ಮನಿ ಕಡಿ ಬರ್ತೀಯೇನು?"